ಗಡಿ ದಾಟುವ ಬೆಟ್ಟಗಳು: ಭೂಮಿಯ ರಕ್ಷಣೆಗೂ ಜನರ ವಿಹಾರಕ್ಕೂ ಒಂದೇ ಯೋಜನೆ ಮಾಡುವುದು ಹೇಗೆ?

ಒಂದು ಬೆಟ್ಟಸಾಲು ಐದು ಸ್ಥಳೀಯ ಸಂಸ್ಥೆಗಳ ನಡುವೆ ಹಂಚಿಹೋಗಿದೆ ಎಂದುಕೊಳ್ಳಿ. ನೆತ್ತಿಯ ಕಾಡು ಅರಣ್ಯ ಇಲಾಖೆಯದು. ಇಳಿಜಾರಿನ ಹುಲ್ಲುಗಾವಲು ಖಾಸಗಿ ಹಿಡುವಳಿ. ಬುಡದಲ್ಲಿ ಹರಿಯುವ ಹೊಳೆ ಇನ್ನೊಂದು ಇಲಾಖೆಯದು, ಅದರ ಪಕ್ಕದ ರಸ್ತೆ ಮತ್ತೊಂದರದು. ಒಂದು ಊರಿನವರು ತಮ್ಮ ಪಾಲಿನ ಕಾಡನ್ನು ಜೋಪಾನ ಮಾಡುತ್ತಾರೆ. ಪಕ್ಕದ ಊರಿನವರು ಅದಕ್ಕೆ ತಾಗಿದಂತೆಯೇ ಬಡಾವಣೆಗೆ ಅನುಮತಿ ಕೊಡುತ್ತಾರೆ. ಮೂರನೆಯವರು ಪ್ರವಾಸಿಗರು ಬರಲಿ ಎಂದು 200 ಕಾರು ನಿಲ್ಲುವ ಜಾಗ ಮಾಡುತ್ತಾರೆ. ಕಾರಿನಿಂದ ಇಳಿದವರು ನಡೆಯುವುದು ಮೊದಲ ಊರಿನ ಕಾಡಿನಲ್ಲಿ. ಯಾರೂ ಕಾನೂನು ಮೀರಿಲ್ಲ. ಬೆಟ್ಟ ಮಾತ್ರ ಕೆಟ್ಟುಹೋಗುತ್ತದೆ.

ಇದು ಹೊಸ ತೊಂದರೆಯಲ್ಲ. ಅಮೆರಿಕದ ಬಾಸ್ಟನ್ ಸುತ್ತಮುತ್ತ 19ನೇ ಶತಮಾನದ ಕೊನೆಯಲ್ಲಿ ಇದೇ ಆಗಿತ್ತು. ಊರುಗಳು ಬೆಳೆದು ಒಂದಕ್ಕೊಂದು ಅಂಟಿಕೊಂಡವು, ನಡುವಿನ ಬೆಟ್ಟ, ನದಿದಂಡೆ, ಕಡಲತೀರಗಳಿಗೆ ದಿಕ್ಕುದೆಸೆ ಇರಲಿಲ್ಲ. ಭೂದೃಶ್ಯ ವಿನ್ಯಾಸಕಾರ ಚಾರ್ಲ್ಸ್ ಎಲಿಯಟ್ 1891ರಲ್ಲಿ ಸಾರ್ವಜನಿಕರ ಪರವಾಗಿ ಭೂಮಿ ಹಿಡಿದಿಡುವ ಖಾಸಗಿ ಟ್ರಸ್ಟ್ ಒಂದನ್ನು ಹುಟ್ಟುಹಾಕಿಸಿದರು. ಬಳಿಕ ಪತ್ರಕರ್ತ ಸಿಲ್ವೆಸ್ಟರ್ ಬ್ಯಾಕ್ಸ್ಟರ್ ಜೊತೆ ಸೇರಿ ಒತ್ತಾಯಿಸಿದ್ದರ ಫಲವಾಗಿ 1893ರಲ್ಲಿ ಮಹಾನಗರ ಉದ್ಯಾನ ಆಯೋಗ ಕಾಯಂ ಆಗಿ ಸ್ಥಾಪನೆಯಾಯಿತು. ಅದು ಊರಿನ ಗಡಿ ನೋಡಲಿಲ್ಲ. ಬೆಟ್ಟ ಎಲ್ಲಿಯವರೆಗಿದೆ, ನದಿ ಎಲ್ಲಿ ತಿರುಗುತ್ತದೆ ಎಂದು ನೋಡಿತು. ಬ್ಲೂ ಹಿಲ್ಸ್, ಮಿಡ್ಲ್‌ಸೆಕ್ಸ್ ಫೆಲ್ಸ್, ರಿವೀರ್ ಬೀಚ್ ಇವತ್ತಿಗೂ ಜನರ ಕೈಯಲ್ಲಿ ಉಳಿದಿರುವುದು ಹಾಗೆ.

ಇಂಥ ಯೋಜನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಬಣ್ಣಬಣ್ಣದ ನಕ್ಷೆ. ಕಷ್ಟದ ಕೆಲಸ ಅದಲ್ಲ. ಯಾವ ಜಾಗಕ್ಕೆ ಜನ ಬರಲಿ, ಯಾವ ಜಾಗಕ್ಕೆ ಬೇಡ ಎಂಬುದನ್ನು ಜನ ಬರುವ ಮೊದಲೇ ಎಲ್ಲರೂ ಒಪ್ಪಿ ಬರೆದಿಡುವುದೇ ಕಷ್ಟ. ಮೊದಲು ಭೂಮಿ ಉಳಿಸೋಣ, ದಾರಿಯ ವಿಚಾರ ಆಮೇಲೆ ನೋಡೋಣ ಎಂದುಕೊಂಡ ಕಡೆ ದಾರಿಗಳನ್ನು ಜನರೇ ತುಳಿದು ಮಾಡಿಕೊಳ್ಳುತ್ತಾರೆ. ಅವು ನೇರವಾಗಿ ನೀರಿಗೆ, ನೇರವಾಗಿ ಶಿಖರಕ್ಕೆ ಹೋಗುತ್ತವೆ, ಅಂದರೆ ಅತಿ ಸೂಕ್ಷ್ಮ ಜಾಗಗಳಿಗೇ. ಹೀಗೆ ಹುಟ್ಟಿದ ದಾರಿಯನ್ನು ಮುಚ್ಚುವುದು ಹೊಸದನ್ನು ಕಡಿಯುವುದಕ್ಕಿಂತ ಕಷ್ಟ.

ಪ್ರದೇಶ ಎಂದರೆ ಎಷ್ಟು?

ಗಡಿ ಹಾಕುವಾಗ ಎರಡು ಗೆರೆ ಬೇಕು. ಒಂದು ಪ್ರಕೃತಿಯ ಗೆರೆ: ಜಲಾನಯನ ಪ್ರದೇಶ, ಬೆಟ್ಟಸಾಲು, ಪ್ರಾಣಿಗಳು ಓಡಾಡುವ ಪಟ್ಟಿ. ಇನ್ನೊಂದು ಜನರ ಗೆರೆ: ವಾರದ ರಜೆಯಲ್ಲಿ ಬಂದು ಸಂಜೆಗೆ ಮರಳುವವರು ಎಷ್ಟು ದೂರದಿಂದ ಬರುತ್ತಾರೆ ಎಂಬ ವೃತ್ತ. ಒಂದರಿಂದ ಎರಡು ಗಂಟೆಯ ಪ್ರಯಾಣ ಎಂದು ಹಿಡಿದರೆ ಮೊದಲ ಅಂದಾಜಿಗೆ ಸಾಕು. ಈ ಎರಡು ಗೆರೆಗಳು ಎಂದೂ ಕೂಡುವುದಿಲ್ಲ. ಭೂಮಿಯ ಬಗೆಗಿನ ತೀರ್ಮಾನಗಳಿಗೆ ಒಳಗಿನ ಪ್ರಕೃತಿಯ ಗೆರೆ, ಜನಸಂಖ್ಯೆ, ಬೇಡಿಕೆ, ಬಸ್ಸು, ಪಾರ್ಕಿಂಗ್ ಲೆಕ್ಕಕ್ಕೆ ಹೊರಗಿನ ಗೆರೆ. ಹೊರವೃತ್ತದಲ್ಲಿರುವ ನಗರವನ್ನು ಬಿಟ್ಟು ಯೋಜನೆ ಮಾಡಿದರೆ ಬರುವ ಜನರ ಲೆಕ್ಕವೂ ತಪ್ಪುತ್ತದೆ, ಹಣ ಕೊಡಬಲ್ಲವರೂ ತಪ್ಪಿಹೋಗುತ್ತಾರೆ.

ನಕ್ಷೆಗಿಂತ ಮೊದಲು ಒಪ್ಪಂದ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಎರಡು ಮೂರು ಪುಟದ ಒಂದು ಒಪ್ಪಂದ ಆಗಬೇಕು. ಯಾರು ಸದಸ್ಯರು, ತೀರ್ಮಾನ ಹೇಗೆ, ಮಾಹಿತಿ ಯಾರ ಕೈಯಲ್ಲಿ, ಖರ್ಚು ಯಾರದು, ಹೊರಹೋಗಬೇಕಾದರೆ ಏನು ಮಾಡಬೇಕು ಎಂಬುದು ಅದರಲ್ಲಿರಲಿ. ಮೇಜಿನ ಸುತ್ತ 12ರಿಂದ 18 ಜನ ಇದ್ದರೆ ಕೆಲಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಸಭೆ ಭಾಷಣವಾಗುತ್ತದೆ. ಸ್ಥಳೀಯ ಸಂಸ್ಥೆಗಳು, ಅರಣ್ಯ, ನೀರು, ರಸ್ತೆ ಇಲಾಖೆಗಳು, ಜಮೀನುದಾರರು, ರೈತರು, ದನ ಮೇಯಿಸುವವರು, ಚಾರಣ ಮತ್ತು ಸೈಕಲ್ ಸಂಘಗಳು, ಆ ಭೂಮಿಯ ಜೊತೆ ತಲೆತಲಾಂತರದ ಸಂಬಂಧ ಇರುವ ಸಮುದಾಯಗಳು ಇವರೆಲ್ಲ ಬೇಕು. ಸಾಮಾನ್ಯವಾಗಿ ಮರೆತುಹೋಗುವವರು ಮೂವರು: ರಸ್ತೆ ಇಲಾಖೆ, ಅಪಾಯಕ್ಕೆ ಸಿಲುಕಿದವರನ್ನು ಪಾರುಮಾಡುವ ರಕ್ಷಣಾ ಸಿಬ್ಬಂದಿ ಮತ್ತು ಕಸ ಎತ್ತುವವರು. ಜನ ಹೆಚ್ಚಾದ ದಿನ ಮೊದಲು ಪೆಟ್ಟು ತಿನ್ನುವವರು ಇವರೇ.

ತೀರ್ಮಾನದ ನಿಯಮ ಬರೆದಿಲ್ಲದಿದ್ದರೆ ಸಹಮತ ಎಂಬುದು ಪ್ರತಿಯೊಬ್ಬರ ಕೈಯಲ್ಲೂ ಒಂದು ವೀಟೊ ಆಗುತ್ತದೆ. ಕೆಲಸಕ್ಕೆ ಬರುವ ಕ್ರಮ ಹೀಗಿದೆ: ಆಕ್ಷೇಪ ಇದ್ದವರು ಅದನ್ನು ಬರೆದು, ಜೊತೆಗೆ ಪರ್ಯಾಯವನ್ನೂ ಕೊಡಬೇಕು, ಎರಡು ಸಭೆಗಳಲ್ಲಿ ಬಗೆಹರಿಯದಿದ್ದರೆ ಮುಕ್ಕಾಲು ಪಾಲು ಮತದಿಂದ ತೀರ್ಮಾನ, ಸೋತವರ ಆಕ್ಷೇಪ ವರದಿಯಲ್ಲಿ ಹಾಗೆಯೇ ಅಚ್ಚಾಗಬೇಕು. ಆ ಕೊನೆಯ ಮಾತು ಸಣ್ಣದೆನಿಸಬಹುದು, ಆದರೆ ಜನ ಎದ್ದು ಹೋಗದೆ ಕೂತಿರುವುದು ಎಷ್ಟೋ ಸಲ ಅದರಿಂದಲೇ.

ಅಧಿಕಾರವನ್ನು ಯಾರೂ ಬಿಟ್ಟುಕೊಡದೆ ಒಟ್ಟಾಗಿ ಹೋಗುವುದು ಸಾಧ್ಯವೇ ಎಂದರೆ ಫ್ರಾನ್ಸಿನ ಪ್ರಾದೇಶಿಕ ನೈಸರ್ಗಿಕ ಉದ್ಯಾನಗಳನ್ನು ನೋಡಬೇಕು. 1967ರಲ್ಲಿ ಇವುಗಳಿಗೆ ಕಾನೂನಿನ ರೂಪ ಸಿಕ್ಕಿತು. ಇಲ್ಲಿ ಉದ್ಯಾನ ಎಂದರೆ ಬೇಲಿ ಹಾಕಿದ ಕಾಡಲ್ಲ, ಹಳ್ಳಿ, ಹೊಲ, ಕಾಡು ಎಲ್ಲ ಸೇರಿದ ಪ್ರದೇಶ. ಊರುಗಳು ಸ್ವಇಚ್ಛೆಯಿಂದ ಒಂದು ಸನ್ನದಿಗೆ ಸಹಿ ಹಾಕುತ್ತವೆ. ಸಹಿ ಹಾಕದ ಊರು ಹೊರಗುಳಿಯುತ್ತದೆ. ಸನ್ನದಿನ ಅವಧಿ ಈಗ 15 ವರ್ಷ, ಮುಗಿದಾಗ ಮತ್ತೆ ಎಲ್ಲರ ಒಪ್ಪಿಗೆ ಪಡೆಯಬೇಕು. ಉದ್ಯಾನದ ಸಂಸ್ಥೆ ತಾನಾಗಿ ನಾಗರಿಕರ ಮೇಲೆ ಕಾನೂನು ಹೇರುವಂತಿಲ್ಲ. ಆದರೆ ಸಹಿ ಹಾಕಿದ ಊರಿನ ಭೂಬಳಕೆ ಯೋಜನೆ ಸನ್ನದಿಗೆ ಹೊಂದಿಕೊಂಡಿರಲೇಬೇಕು. ಸೇರುವುದು ಇಷ್ಟ, ಸೇರಿದ ಮೇಲೆ ಕಟ್ಟುಪಾಡು. ಈ ಜೋಡಣೆಯೇ ಅದರ ಬಲ.

ಪದರದ ಮೇಲೆ ಪದರ

ನಕ್ಷೆಯ ವಿಧಾನ ಹಳೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಯಾನ್ ಮ್ಯಾಕ್‌ಹಾರ್ಗ್ 1960ರ ದಶಕದಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಇಳಿಜಾರು, ಮಣ್ಣು, ನೀರು, ಕಾಡು ಎಂದು ಒಂದೊಂದನ್ನೇ ಬಿಡಿಸಿ, ಒಂದರ ಮೇಲೊಂದು ಇಟ್ಟು ನೋಡುತ್ತಿದ್ದರು. ಸೂಕ್ಷ್ಮ ಜಾಗಕ್ಕೆ ಗಾಢ ಬಣ್ಣ, ಹಾಗಾಗಿ ಎಲ್ಲಿ ಗಾಢವಾಗಿ ಕಾಣುತ್ತದೋ ಅಲ್ಲಿ ಕಟ್ಟಬಾರದು. ಈಗ ಆ ಕೆಲಸವನ್ನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆಯ ಪದರಗಳನ್ನು ಜೋಡಿಸುವ ತಂತ್ರಾಂಶ ಮಾಡುತ್ತದೆ. ವೇಗ ಬಂದಿದೆ, ತಪ್ಪುಗಳೂ ಅಷ್ಟೇ ವೇಗವಾಗಿ ಬರುತ್ತವೆ.

ಮೊದಲ ತಪ್ಪು ಅಳತೆಯದು. 1:50,000 ನಕ್ಷೆಯಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ 25 ಮೀಟರ್ ನುಂಗುತ್ತದೆ. ಅಂಥ ನಕ್ಷೆಯಿಂದ ತೆಗೆದ ಜೌಗಿನ ಗಡಿಯನ್ನು ಸರ್ವೆ ನಕ್ಷೆಯ ಮೇಲೆ ಕೂರಿಸಿ, ನಿಮ್ಮ ಜಮೀನಿನ ಇಷ್ಟು ಭಾಗ ಜೌಗು ಎಂದು ಮಾಲೀಕರಿಗೆ ಹೇಳಿದರೆ ಜಗಳ ಖಚಿತ. ಪದರಗಳಲ್ಲಿ ಅತಿ ಒರಟಾದದ್ದು ಯಾವುದೋ, ಇಡೀ ಫಲಿತಾಂಶದ ನಿಖರತೆ ಅಷ್ಟೇ. ಸರ್ವೆ ಗಡಿಗಳೂ ಉಪಗ್ರಹ ಚಿತ್ರವೂ ಸರಿಯಾಗಿ ಕೂಡದೆ ನಡುವೆ ಸೀಳು ಸೀಳಾಗಿ ಉಳಿಯುವ ಚೂರುಗಳನ್ನು ಲೆಕ್ಕದಿಂದ ತೆಗೆಯದಿದ್ದರೆ ಇಲ್ಲದ ಜಮೀನುಗಳು ಪಟ್ಟಿಗೆ ಸೇರಿಕೊಳ್ಳುತ್ತವೆ.

ಎರಡನೆಯ ತಪ್ಪು ಅಂಕ ಕೊಡುವುದರಲ್ಲಿ. ಆವಾಸ, ನೀರು, ಪ್ರಾಣಿಗಳ ಓಡಾಟದ ಸಂಪರ್ಕ, ಕೃಷಿ ಮಣ್ಣು, ನೋಟ, ವಿಹಾರ ಎಂದು ಅಂಶಗಳಿಗೆ ತೂಕ ಕೊಟ್ಟು ಕೂಡಿಸುತ್ತಾರೆ. ಆ ತೂಕಗಳು ವಿಜ್ಞಾನದಿಂದ ಇಳಿದುಬಂದವಲ್ಲ, ಮೇಜಿನ ಸುತ್ತ ಕೂತವರ ಆಯ್ಕೆ. ಆದ್ದರಿಂದ ತೂಕಗಳನ್ನು ನಾಲ್ಕೈದು ರೀತಿಯಲ್ಲಿ ಬದಲಿಸಿ ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಹೇಗೆ ಬದಲಿಸಿದರೂ ಮೇಲೆಯೇ ಉಳಿಯುವ ಜಾಗಗಳ ಬಗ್ಗೆ ವಾದ ಬೇಡ, ಮುಂದುವರಿಯಿರಿ. ತೂಕ ಬದಲಾದಾಗಲೆಲ್ಲ ಮೇಲೆ ಕೆಳಗೆ ಆಗುವ ಜಾಗಗಳಿಗೆ ನೆಲದ ಮೇಲಿನ ಪರಿಶೀಲನೆ ಬೇಕು. ಅಪಾಯ ಎಂಬ ಅಂಶವನ್ನು ಮೌಲ್ಯದ ಜೊತೆ ಕೂಡಿಸಲೇಬಾರದು. ಕೂಡಿಸಿದರೆ ಹೆದ್ದಾರಿ ಪಕ್ಕದ ಸಾಧಾರಣ ಜಮೀನು, ನಾಳೆಯೇ ಕಟ್ಟಡ ಏಳಬಹುದು ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಕಾಡಿಗಿಂತ ಮೇಲೇರುತ್ತದೆ. ಮೌಲ್ಯ ಒಂದು ಪಟ್ಟಿ, ಅಪಾಯ ಇನ್ನೊಂದು. ಎರಡರಲ್ಲೂ ಮೇಲಿರುವುದು ಮೊದಲ ಕೆಲಸ.

ಆಕಾರದ ಲೆಕ್ಕವನ್ನು ಯೋಜನೆ ಮಾಡುವವರೇ ಕಡೆಗಣಿಸುವುದುಂಟು. 1 ಕಿಲೋಮೀಟರ್ ಚೌಕದ ಕಾಡು 100 ಹೆಕ್ಟೇರ್. ಅಂಚಿನಿಂದ 100 ಮೀಟರ್ ಒಳಗಿನವರೆಗೆ ಬಿಸಿಲು, ಗಾಳಿ, ಕಳೆ, ನಾಯಿಗಳ ಕಾಟ ತಟ್ಟುತ್ತದೆ ಎಂದು ಇಟ್ಟುಕೊಂಡರೆ ನೆಮ್ಮದಿಯ ಒಳಭಾಗ 64 ಹೆಕ್ಟೇರ್ ಉಳಿಯುತ್ತದೆ. ಅದೇ 100 ಹೆಕ್ಟೇರ್ ಕಾಡು 200 ಮೀಟರ್ ಅಗಲ, 5 ಕಿಲೋಮೀಟರ್ ಉದ್ದದ ಪಟ್ಟಿಯಾಗಿದ್ದರೆ ಒಳಭಾಗ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ. ಇನ್ನು ಚೌಕದ ಕಾಡಿನ ನಟ್ಟನಡುವೆ ಒಂದು ಜನಪ್ರಿಯ ಕಾಲುದಾರಿ ಹಾಕಿ, ಅದಕ್ಕೂ ಎರಡೂ ಕಡೆ 100 ಮೀಟರ್ ಬಿಡಿ: ಉಳಿಯುವುದು 300 ಮೀಟರ್ ಅಗಲ, 800 ಮೀಟರ್ ಉದ್ದದ ಎರಡು ತುಂಡು, ಒಟ್ಟು 48 ಹೆಕ್ಟೇರ್. ದಾರಿಯನ್ನು ಅಂಚಿಗೆ ತಂದರೆ ಈ 16 ಹೆಕ್ಟೇರ್ ಉಳಿಯುತ್ತಿತ್ತು. ದಾರಿ ಮತ್ತು ರಕ್ಷಣೆ ಒಂದೇ ಹಾಳೆಯ ಮೇಲೆ ಇರಬೇಕು ಎನ್ನುವುದು ಇದಕ್ಕೇ. ಈ ಅಂಚಿನ ಅಗಲ ಎಲ್ಲ ಜೀವಿಗಳಿಗೂ ಒಂದೇ ಅಲ್ಲ. ಕೆಲವು ಹಕ್ಕಿಗಳಿಗೆ ಹತ್ತಾರು ಮೀಟರ್, ದೊಡ್ಡ ಸಸ್ತನಿಗಳಿಗೆ ನೂರಾರು ಮೀಟರ್. ಯಾವ ಜೀವಿಯನ್ನು ಉಳಿಸಲು ಹೊರಟಿದ್ದೇವೆ ಎಂದು ಮೊದಲು ಹೆಸರಿಸಿದರೆ ಮಾತ್ರ ಅಗಲ ನಿಗದಿಯಾಗುತ್ತದೆ.

ಪ್ರಕಟಿಸುವಾಗ ಎಚ್ಚರ ಬೇಕು. ಖಾಸಗಿ ಜಮೀನುಗಳನ್ನು ಒಂದೊಂದಾಗಿ ಬಣ್ಣ ಹಚ್ಚಿ ಹೊರಗೆ ಬಿಟ್ಟರೆ ಮಾಲೀಕರಿಗೆ ಗಾಬರಿ, ದಲ್ಲಾಳಿಗಳಿಗೆ ಹಬ್ಬ. ಹೊರಗಿನ ನಕ್ಷೆಯಲ್ಲಿ ಮಸುಕಾದ ವಲಯಗಳು ಸಾಕು, ಜಮೀನುವಾರು ಪಟ್ಟಿ ಒಳಗಿರಲಿ. ಅಪರೂಪದ ಹಕ್ಕಿಯ ಗೂಡು, ಗುಹೆ, ಔಷಧಿ ಗಿಡದ ತಾಣಗಳು ಯಾವ ನಕ್ಷೆಯಲ್ಲೂ ಬೇಡ.

ಎಷ್ಟು ಜನ, ಎಲ್ಲಿ?

ವಿಹಾರ ಎಂದರೆ ಒಂದೇ ಬಗೆಯದಲ್ಲ. ಏಕಾಂತ ಬಯಸಿ ಎರಡು ದಿನ ನಡೆಯುವವರು, ಮಕ್ಕಳೊಂದಿಗೆ ಒಂದು ಗಂಟೆ ಕಳೆಯುವವರು, ಗಾಲಿಕುರ್ಚಿಯಲ್ಲಿ ಬರುವವರು, ಸೈಕಲ್ ಓಡಿಸುವವರು ಎಲ್ಲರಿಗೂ ಬೇರೆ ಬೇರೆ ಜಾಗ ಬೇಕು. ಅಮೆರಿಕದ ಅರಣ್ಯ ಸೇವೆ ಬಳಸುವ ವಿಹಾರ ಅವಕಾಶಗಳ ಶ್ರೇಣಿ, ಮನುಷ್ಯನ ಸುಳಿವಿಲ್ಲದ ಕಾಡಿನಿಂದ ನಗರದ ಉದ್ಯಾನದವರೆಗೆ ಭೂಮಿಯನ್ನು ಆರು ವರ್ಗ ಮಾಡುತ್ತದೆ. ಇದರ ಉಪಯೋಗ ಪ್ರದೇಶದ ಮಟ್ಟದಲ್ಲಿ ತಿಳಿಯುತ್ತದೆ. ಪ್ರತಿ ಊರೂ ತನ್ನಲ್ಲೇ ಎಲ್ಲ ಸೌಕರ್ಯ ಮಾಡಲು ಹೊರಟರೆ ಎಲ್ಲ ಕಡೆಯೂ ಅದೇ ಮಧ್ಯಮ ದರ್ಜೆಯ ಪಾರ್ಕಿಂಗ್, ಶೌಚಾಲಯ, ಫಲಕ. ಒಟ್ಟಿಗೆ ಕೂತರೆ ಒಂದು ಊರು ಜನಸಂದಣಿಯ ಕೆರೆದಂಡೆ ವಹಿಸಿಕೊಳ್ಳಬಹುದು, ಇನ್ನೊಂದು ತನ್ನ ಕಣಿವೆಯನ್ನು ಖಾಲಿ ಇಡಬಹುದು. ಖಾಲಿ ಇಟ್ಟ ಊರಿಗೆ ಬರಬೇಕಾದ ಆದಾಯದ ಪಾಲು ಒಪ್ಪಂದದಲ್ಲಿಯೇ ಇರಬೇಕು, ಇಲ್ಲದಿದ್ದರೆ ಆ ತ್ಯಾಗ ಮುಂದಿನ ಚುನಾವಣೆಯವರೆಗೆ ಮಾತ್ರ.

ಜನರನ್ನು ಹಂಚಿಬಿಟ್ಟರೆ ಹಾನಿ ಕಡಿಮೆ ಎಂಬುದು ಬಹುತೇಕ ಎಲ್ಲರಿಗೂ ತೋಚುವ ಪರಿಹಾರ. ಸಾಮಾನ್ಯವಾಗಿ ಅದು ತಪ್ಪು. ತುಳಿತದಿಂದ ಗಿಡಗಳಿಗಾಗುವ ಹಾನಿಯ ಹೆಚ್ಚಿನ ಪಾಲು ಮೊದಮೊದಲ ಬಳಕೆಯಲ್ಲೇ ಆಗಿಹೋಗುತ್ತದೆ. ಆಮೇಲೆ ಜನ ದುಪ್ಪಟ್ಟಾದರೂ ಹಾನಿ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ಹತ್ತು ಹೊಸ ಜಾಗಗಳಿಗೆ ಸ್ವಲ್ಪ ಸ್ವಲ್ಪ ಜನರನ್ನು ಕಳಿಸುವುದಕ್ಕಿಂತ ಎರಡು ಗಟ್ಟಿ ಜಾಗಗಳನ್ನು ಚೆನ್ನಾಗಿ ಕಟ್ಟಿ ಅಲ್ಲಿಗೇ ಸೇರಿಸುವುದು ಮೇಲು.

ಜನರ ಸಂಖ್ಯೆಯನ್ನು ಹಿಡಿತದಲ್ಲಿಡುವ ನಲ್ಲಿ ಎಂದರೆ ಪಾರ್ಕಿಂಗ್. 40 ಕಾರು, ಕಾರಿಗೆ ಸರಾಸರಿ 2.5 ಜನ ಎಂದರೆ ಒಂದು ಹೊತ್ತಿಗೆ 100 ಜನ. ಒಬ್ಬೊಬ್ಬರು ಮೂರು ಗಂಟೆ ಇದ್ದು, ದಿನಕ್ಕೆ ಒಂಬತ್ತು ಗಂಟೆ ತೆರೆದಿದ್ದರೆ 300 ಜನ. ದೂರು ಬಂತೆಂದು 80 ಕಾರಿಗೆ ವಿಸ್ತರಿಸಿದ ದಿನವೇ 600 ಜನಕ್ಕೆ ಅನುಮತಿ ಕೊಟ್ಟಂತಾಯಿತು, ಅದನ್ನು ಯಾವ ಸಭೆಯೂ ತೀರ್ಮಾನಿಸಿರುವುದಿಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸುವುದನ್ನು ತಡೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ರಸ್ತೆ ಇಲಾಖೆ ಮೇಜಿನಲ್ಲಿರಬೇಕು ಎಂದದ್ದು ಅದಕ್ಕೆ.

ಜನರನ್ನು ಎಣಿಸುವ ಅತಿಗೆಂಪು ಯಂತ್ರಗಳು ಉಪಯುಕ್ತ, ಆದರೆ ಅವುಗಳ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ. ಹೋಗಿ ಅದೇ ದಾರಿಯಲ್ಲಿ ಬಂದವರನ್ನು ಎರಡು ಸಲ ಎಣಿಸುತ್ತವೆ, ಜೋಡಿಯಾಗಿ ನಡೆಯುವವರನ್ನು ಒಬ್ಬರೆಂದು ಎಣಿಸುತ್ತವೆ, ಅಲುಗುವ ಕೊಂಬೆಯನ್ನೂ ಎಣಿಸಬಹುದು. ಜನ ನಿಂತು ಹರಟುವ ಜಾಗ ಬಿಟ್ಟು, ಇಕ್ಕಟ್ಟಾದ ಕಡೆ ಕಟ್ಟಬೇಕು. ವಾರದ ದಿನ, ರಜಾ ದಿನ ಎರಡರಲ್ಲೂ ಕೆಲವು ಗಂಟೆ ಜನರೇ ನಿಂತು ಎಣಿಸಿ, ಯಂತ್ರದ ಅಂಕಿಯನ್ನು ಎಷ್ಟರಿಂದ ಗುಣಿಸಿದರೆ ಸರಿಹೋಗುತ್ತದೆ ಎಂಬ ತಿದ್ದುಪಡಿ ಗುಣಾಂಕ ಕಂಡುಕೊಳ್ಳಬೇಕು.

ದಾರಿ ಹಾಕುವಾಗ ಶತ್ರು ಕಾಲಲ್ಲ, ನೀರು. ಬೆಟ್ಟದ ಇಳಿಜಾರಿನ ಅರ್ಧಕ್ಕಿಂತ ದಾರಿಯ ಏರು ಹೆಚ್ಚಿರಬಾರದು. ಹೆಚ್ಚಾದರೆ ನೀರು ದಾರಿ ದಾಟಿ ಹೋಗುವ ಬದಲು ದಾರಿಯನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಬೆಟ್ಟದ ಇಳಿಜಾರು ಶೇ 12 ಇದ್ದರೆ, ಅಂದರೆ 100 ಮೀಟರಿಗೆ 12 ಮೀಟರ್ ಏರಿದರೆ, ದಾರಿಯ ಏರು ಶೇ 6 ದಾಟಬಾರದು. ಇಳಿಜಾರು ಎಷ್ಟೇ ಕಡಿದಾಗಿರಲಿ, ಒಟ್ಟು ದಾರಿಯ ಸರಾಸರಿ ಏರು ಶೇ 10ರೊಳಗಿರಲಿ. ದಾರಿಯ ಮೈ ಹೊರಗಡೆಗೆ ಸುಮಾರು ಶೇ 5 ವಾಲಿರಬೇಕು, 10ರಿಂದ 15 ಮೀಟರಿಗೊಮ್ಮೆ ಸಣ್ಣ ತಗ್ಗು ಕೊಟ್ಟು ಏರನ್ನು ಮುರಿಯಬೇಕು. ಮಟ್ಟಸ ನೆಲ ಸುಲಭವೆನಿಸುತ್ತದೆ, ಆದರೆ ಅಲ್ಲಿ ನೀರು ನಿಲ್ಲುತ್ತದೆ, ಜನ ಕೆಸರು ತಪ್ಪಿಸಿ ಪಕ್ಕಕ್ಕೆ ನಡೆಯುತ್ತಾರೆ, 1 ಮೀಟರಿನ ದಾರಿ ನೋಡನೋಡುತ್ತ 4 ಮೀಟರ್ ಆಗುತ್ತದೆ. ಇಂಥ ದಾರಿಗೆ ಕಲ್ಲು ಸುರಿಯುವುದು ಪರಿಹಾರವಲ್ಲ, ಪಕ್ಕದ ಇಳಿಜಾರಿಗೆ ದಾರಿಯನ್ನೇ ಸರಿಸಬೇಕು.

ಭೂಮಿ ಹಿಡಿದಿಡುವ ಬಗೆಗಳು

ಎಲ್ಲವನ್ನೂ ಕೊಂಡುಕೊಳ್ಳಲು ಯಾರ ಬಳಿಯೂ ಹಣ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಜನ ಓಡಾಡುವ ತಾಣ, ಅತಿ ಸೂಕ್ಷ್ಮ ಜಾಗ ಇವನ್ನು ಕೊಳ್ಳಬೇಕು. ದಾರಿಗೆ ಬೇಕಾದ ಕಿರಿದಾದ ಪಟ್ಟಿಗೆ ದಾರಿಹಕ್ಕು ಸಾಕು. ಮಾಲೀಕರು ಮಾರಲು ಮನಸ್ಸು ಮಾಡಿದ್ದಾರೆ, ಹಣ ಕೂಡಿಲ್ಲ ಎಂದಾದರೆ ಸಣ್ಣ ಮೊತ್ತ ಕೊಟ್ಟು ಕೆಲವು ತಿಂಗಳ ಮಟ್ಟಿಗೆ ಬೆಲೆ ಮತ್ತು ಮೊದಲ ಹಕ್ಕನ್ನು ಹಿಡಿದಿಟ್ಟುಕೊಳ್ಳಬಹುದು.

ಉಳಿದ ದೊಡ್ಡ ಹರವಿಗೆ, ಕಾನೂನು ಅವಕಾಶ ಕೊಡುವ ದೇಶಗಳಲ್ಲಿ, ಸಂರಕ್ಷಣಾ ಕರಾರು ಒಳ್ಳೆಯ ದಾರಿ. ಜಮೀನು ಮಾಲೀಕರದೇ, ಉಳುಮೆ ಅವರದೇ. ಕಟ್ಟುವ, ಸೈಟು ಮಾಡಿ ಮಾರುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುತ್ತಾರೆ. ಕರಾರಿಗೆ ಮುಂಚಿನ ಬೆಲೆಯಲ್ಲಿ ನಂತರದ ಬೆಲೆ ಕಳೆದರೆ ಬರುವುದೇ ಕರಾರಿನ ಮೌಲ್ಯ. ಮುಂದೆ ಯಾರು ಕೊಂಡರೂ ಅದು ಅವರಿಗೂ ಅನ್ವಯ. ಕರಾರು ಇದೆ ಎಂದ ಮಾತ್ರಕ್ಕೆ ಜನ ಒಳಗೆ ಓಡಾಡಬಹುದು ಎಂದಲ್ಲ. ಆ ಹಕ್ಕನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಯೋಜನೆಯ ನಕ್ಷೆಯಲ್ಲಿ ಕರಾರಿನ ಜಮೀನೆಲ್ಲ ಹಸಿರು ಬಣ್ಣದಲ್ಲಿದ್ದರೆ ಚಾರಣಿಗರು ಬೇಲಿ ಹಾರುವುದು ಸಹಜ.

ಕರಾರುಗಳು ಕೆಡುವುದು ಮೊದಲ ಮಾಲೀಕರ ಕಾಲದಲ್ಲಲ್ಲ, ಎರಡನೆಯವರ ಕಾಲದಲ್ಲಿ. ಕೃಷಿ ಕಟ್ಟಡಕ್ಕೆ ಅವಕಾಶ ಎಂದು ಅಳತೆ ಹೇಳದೆ ಬರೆದಿದ್ದರೆ ಅಲ್ಲಿ ಅತಿಥಿಗೃಹ ಏಳುತ್ತದೆ. ಸಹಿಯ ದಿನವೇ ಫೋಟೊ, ನಕ್ಷೆ, ಅಳತೆ ಸಮೇತ ಜಮೀನಿನ ಸ್ಥಿತಿಯ ದಾಖಲೆ ಮಾಡಿ ಇಬ್ಬರೂ ಒಪ್ಪಿರಬೇಕು, ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಬೇಕು. ಆ ಭೇಟಿಗೆ, ಮುಂದೆ ಬರಬಹುದಾದ ವ್ಯಾಜ್ಯಕ್ಕೆ ಬೇಕಾದ ನಿಧಿಯನ್ನೂ ಆಗಲೇ ಎತ್ತಿಡಬೇಕು.

ಹಣದ ಮೂಲಕ್ಕೆ ಅಮೆರಿಕದ ಭೂ ಮತ್ತು ಜಲ ಸಂರಕ್ಷಣಾ ನಿಧಿ ಒಂದು ಮಾದರಿ. 1964ರ ಕಾನೂನು ಇದು. ಹಣ ಮುಖ್ಯವಾಗಿ ಕಡಲಿನ ತೈಲ, ಅನಿಲ ಹೊರತೆಗೆಯುವ ಕಂಪನಿಗಳು ಕೊಡುವ ರಾಜಧನದಿಂದ. 2020ರಲ್ಲಿ ವರ್ಷಕ್ಕೆ 90 ಕೋಟಿ ಡಾಲರ್ ಎಂದು ಕಾಯಂ ಆಯಿತು. ರಾಜ್ಯಗಳು ಅನುದಾನ ಪಡೆಯಬೇಕಾದರೆ ಇಡೀ ರಾಜ್ಯದ ಹೊರಾಂಗಣ ವಿಹಾರ ಯೋಜನೆಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಬೇಕು, ಸಾಮಾನ್ಯವಾಗಿ ವೆಚ್ಚದ ಅರ್ಧ ಸ್ಥಳೀಯರದು. ಈ ಹಣ ಬಿದ್ದ ಜಾಗವನ್ನು ಬೇರೆ ಬಳಕೆಗೆ ತಿರುಗಿಸಿದರೆ ಕನಿಷ್ಠ ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಬೇರೆ ಜಾಗ ಕೊಡಲೇಬೇಕು. ಇಂಥ ನಿಧಿಗಳು ಕೊಳ್ಳಲು, ಕಟ್ಟಲು ಧಾರಾಳ. ಕಸ ಗುಡಿಸುವುದಕ್ಕೆ, ದುರಸ್ತಿಗೆ ಜಿಪುಣ. ಆದ್ದರಿಂದ ಪ್ರತಿ ಕಾಮಗಾರಿಯ ಅಂದಾಜಿನಲ್ಲಿ ಮುಂದಿನ ಹತ್ತು ವರ್ಷದ ನಿರ್ವಹಣೆ ಯಾರದು, ಎಷ್ಟು ಎಂಬ ಸಾಲು ಇಲ್ಲದಿದ್ದರೆ ಆ ಕಾಮಗಾರಿಯನ್ನು ತಡೆಹಿಡಿಯುವುದೇ ಸರಿ.

ನಿರ್ವಹಣೆಯ ಹಂಚಿಕೆಗೆ ಅಮೆರಿಕದ ಅಪಲೇಷಿಯನ್ ಕಾಲುದಾರಿಗಿಂತ ದೊಡ್ಡ ಉದಾಹರಣೆ ಸಿಗದು. ಬೆಂಟನ್ ಮೆಕೈ 1921ರಲ್ಲಿ ಸೂಚಿಸಿದ, 1937ರಲ್ಲಿ ಕೂಡಿಕೊಂಡ ಈ ದಾರಿ 14 ರಾಜ್ಯಗಳಲ್ಲಿ ಸುಮಾರು 3,500 ಕಿಲೋಮೀಟರ್ ಹೋಗುತ್ತದೆ. 1968ರವರೆಗೆ ಅದಕ್ಕೆ ರಾಷ್ಟ್ರೀಯ ದಾರಿ ಎಂಬ ಕಾನೂನಿನ ಆಸರೆ ಇರಲಿಲ್ಲ. ಬಾಯಿಮಾತಿನ ಒಪ್ಪಿಗೆಯ ಮೇಲೆ ಖಾಸಗಿ ಜಮೀನಿನಲ್ಲಿ ಸಾಗುತ್ತಿದ್ದ ದಾರಿ ಮಾಲೀಕರು ಬದಲಾದಂತೆ ರಸ್ತೆಗೆ ತಳ್ಳಲ್ಪಡುತ್ತಿತ್ತು. ಆಮೇಲೆ ದಶಕಗಳ ಕಾಲ ತುಂಡು ತುಂಡಾಗಿ ಭೂಮಿ ಕೊಂಡು ಅದನ್ನು ಭದ್ರಪಡಿಸಲಾಯಿತು. ಇಂದಿಗೂ ಸುಮಾರು ಮೂವತ್ತು ಸ್ಥಳೀಯ ಸಂಘಗಳು ದಾರಿಯನ್ನು ಪಾಲು ಮಾಡಿಕೊಂಡು ನೋಡಿಕೊಳ್ಳುತ್ತವೆ.

ಯೋಜನೆ ಮುಗಿದ ಮೇಲೆ

ಎಷ್ಟು ಜನ ಹೆಚ್ಚು ಎಂಬ ಪ್ರಶ್ನೆಗೆ ಮಾಂತ್ರಿಕ ಅಂಕಿಯನ್ನು ಹುಡುಕುತ್ತ ಅರಣ್ಯ ಅಧಿಕಾರಿಗಳು ಬಹಳ ಕಾಲ ಕಳೆದಿದ್ದಾರೆ. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು: ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ? ಮೊಂಟಾನಾದ ಬಾಬ್ ಮಾರ್ಷಲ್ ಕಾಡಿನಲ್ಲಿ ಬಳಕೆದಾರರನ್ನೂ ಕೂರಿಸಿಕೊಂಡು ಈ ಕ್ರಮವನ್ನು ಮೊದಲು ಜಾರಿಗೆ ತಂದರು. ಅಳೆಯಬಹುದಾದ ಸೂಚಕ, ಅದಕ್ಕೊಂದು ಮಿತಿ, ಮಿತಿ ದಾಟಿದರೆ ಮಾಡಬೇಕಾದ ಕೆಲಸ, ಮೂರನ್ನೂ ಮೊದಲೇ ಬರೆಯಬೇಕು. ಉದಾಹರಣೆಗೆ, ಪ್ರತಿ 100 ಮೀಟರಿಗೆ ದಾರಿಯ ಅಗಲ ಅಳೆಯುವುದು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಕಡೆ 1.5 ಮೀಟರ್ ದಾಟಿದರೆ ಮೊದಲ ವರ್ಷ ನೀರು ತಿರುಗಿಸಿ ಅಂಚು ಕಟ್ಟುವುದು, ಮರುವರ್ಷವೂ ಹಾಗೇ ಇದ್ದರೆ ಪಾರ್ಕಿಂಗ್ ಇಳಿಸುವುದು, ಆಮೇಲೆ ಮುಂಗಡ ನೋಂದಣಿ. ಅಳತೆ ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ಗುರುತಿನಲ್ಲಿ ಆಗಬೇಕು. ಮಳೆಗಾಲದ ಅಳತೆಯನ್ನು ಬೇಸಿಗೆಯದಕ್ಕೆ ಹೋಲಿಸಿದರೆ ಪ್ರಯೋಜನವಿಲ್ಲ. ಮಿತಿ ದಾಟಿದ ಮೇಲೆ ಏನು ಮಾಡೋಣ ಎಂದು ಚರ್ಚೆ ಶುರು ಮಾಡಿದರೆ ಚರ್ಚೆ ಮುಗಿಯುವಷ್ಟರಲ್ಲಿ ದಾರಿಯೇ ಇರುವುದಿಲ್ಲ.

ವರದಿ ಬಿಡುಗಡೆಯಾದ ಮರುದಿನ ಸಮಿತಿ ಚದುರಿಹೋಗುವುದು ಇಂಥ ಯೋಜನೆಗಳ ಮಾಮೂಲಿ ಕಾಯಿಲೆ. ಅದನ್ನು ತಡೆಯಲು ಸಂಬಳದ ಒಬ್ಬ ಸಂಯೋಜಕರು, ಮೂರು ತಿಂಗಳಿಗೊಂದು ಸಭೆ, ಐದು ವರ್ಷಕ್ಕೊಂದು ಪರಿಷ್ಕರಣೆ ಸಾಕು. ಪರಿಷ್ಕರಣೆಯಲ್ಲಿ ದಾರಿ, ಪಾರ್ಕಿಂಗ್, ತೂಕಗಳನ್ನು ಸಾಮಾನ್ಯ ಬಹುಮತದಿಂದ ಬದಲಿಸಬಹುದು. ಜನ ಬೇಡ ಎಂದು ಗುರುತಿಸಿದ ಜಾಗಗಳನ್ನು ತೆರೆಯಲು ಮಾತ್ರ ಎಲ್ಲ ಸದಸ್ಯರ ಸಹಿ ಬೇಕು ಎಂದಿರಲಿ. ಪ್ರಕೃತಿಯ ಒಳಗೆರೆಯೊಳಗೆ ಬರುವ ಬಡಾವಣೆ, ಗಣಿ, ರೆಸಾರ್ಟ್ ಅರ್ಜಿಗಳ ಪ್ರತಿ ಸಂಯೋಜಕರಿಗೆ ತಲುಪಿ, 30 ದಿನದೊಳಗೆ ಉಳಿದ ಸದಸ್ಯರ ಅಭಿಪ್ರಾಯ ಅರ್ಜಿಯ ಕಡತಕ್ಕೆ ಸೇರಬೇಕು. ಅನುಮತಿ ಕೊಡುವ ಅಧಿಕಾರ ಆಯಾ ಸಂಸ್ಥೆಯಲ್ಲೇ ಉಳಿಯುತ್ತದೆ. ನಕ್ಷೆಗೆ ವಿರುದ್ಧವಾಗಿ ಕೊಟ್ಟರೆ ಕಾರಣವನ್ನು ಬರೆದು, ಮುಂದಿನ ಸಭೆಯಲ್ಲಿ ಎಲ್ಲರೆದುರು ಓದಬೇಕು.